ಸುಖೋಮಾಜ್ರಿಯ ಗುಡ್ಡ: ಬೇಲಿ ಇಲ್ಲದೆ ಕಾಯ್ದರು, ಆಮೇಲೆ ಏನಾಯಿತು?

ಜಲಾನಯನದ, ಅಂದರೆ ಮಳೆ ನೀರು ಹರಿದು ಒಂದು ಹಳ್ಳಕ್ಕೋ ಕೆರೆಗೋ ಸೇರುವ ಇಡೀ ಜಾಗದ, ಕೆಲಸ ಮಾಡುವವರಿಗೆಲ್ಲ ಸುಖೋಮಾಜ್ರಿ ಅನ್ನುವ ಹೆಸರು ಗೊತ್ತು. ಹರಿಯಾಣದ ಒಂದು ಸಣ್ಣ ಹಳ್ಳಿ. ಪಿಂಜೋರ್ ಹತ್ತಿರ, ಶಿವಾಲಿಕ್ ಗುಡ್ಡಗಳ ಬುಡದಲ್ಲಿದೆ. ತರಬೇತಿಗಳಲ್ಲಿ ಒಂದು ಸ್ಲೈಡ್ ಆಗಿ ಬಂದು ಹೋಗುತ್ತದೆ: ಮೊದಲು ಬೋಳು ಗುಡ್ಡದ ಫೋಟೋ, ಪಕ್ಕದಲ್ಲಿ ಹಸಿರು ಗುಡ್ಡದ ಫೋಟೋ, ಕೆಳಗೆ 'ಜನರ ಸಹಭಾಗಿತ್ವ' ಅಂತ ಎರಡು ಪದ. ಅಷ್ಟೇ. ಸಹಭಾಗಿತ್ವ ಅಂದರೆ ಅಲ್ಲಿ ನಿಜವಾಗಿ ಏನು ನಡೆಯಿತು, ಯಾರಿಗೆ ಎಷ್ಟು ಸಿಕ್ಕಿತು, ಜಗಳ ಎಲ್ಲಿ ಬಂತು, ಇಪ್ಪತ್ತು ವರ್ಷದ ಮೇಲೆ ಅದು ಯಾಕೆ ಸಡಿಲವಾಯಿತು, ಇದನ್ನೆಲ್ಲ ಯಾರೂ ಹೇಳುವುದಿಲ್ಲ. ನನ್ನ ಪ್ರಕಾರ ಕಲಿಯುವುದಕ್ಕೆ ಇರುವುದೇ ಅಲ್ಲಿ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗುತ್ತದೆ.

ಹೂಳಿನ ಜಾಡು

ಇದು ಹಳ್ಳಿಯಲ್ಲಿ ಶುರುವಾದದ್ದಲ್ಲ, ಪಟ್ಟಣದಲ್ಲಿ. ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ನಕ್ಷೆ ಬರೆದ ಚಂಡೀಗಢಕ್ಕೆ ಒಂದು ಕೆರೆ ಇರಲಿ ಅಂತ 1958ರಲ್ಲಿ ಸುಖ್ನಾ ಅನ್ನುವ ಹಳ್ಳಕ್ಕೆ ಅಡ್ಡಗಟ್ಟೆ ಹಾಕಿ ಸುಖ್ನಾ ಕೆರೆ ಮಾಡಿದರು. ಈ ಹಳ್ಳ ವರ್ಷದಲ್ಲಿ ಹೆಚ್ಚಿನ ದಿನ ಒಣಗಿರುತ್ತದೆ. ಮಳೆ ಬಿದ್ದಾಗ ಮಾತ್ರ ಕೆಂಪಗೆ ಉಕ್ಕಿ ಬರುತ್ತದೆ. ಪಂಜಾಬಿನ ಕಡೆ ಇಂಥ ಹಳ್ಳಗಳಿಗೆ 'ಚೋ' ಅನ್ನುತ್ತಾರೆ. 1970ರ ದಶಕದ ನಡುಭಾಗಕ್ಕೆ ಬರುವಷ್ಟರಲ್ಲಿ ಕೆರೆಯ ಅರ್ಧಕ್ಕಿಂತ ಜಾಸ್ತಿ ಜಾಗದಲ್ಲಿ ಹೂಳು ತುಂಬಿತ್ತು. ಹೂಳೆತ್ತಿಸುವುದು, ಮುಂದಿನ ಮಳೆಗೆ ಮತ್ತೆ ತುಂಬುವುದು, ಇದೇ ನಡೆದಿತ್ತು. ದುಡ್ಡು ನೀರಿನಂತೆ ಖರ್ಚಾಗುತ್ತಿತ್ತು.

ಕೇಂದ್ರ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಸಂಸ್ಥೆಯ ಚಂಡೀಗಢ ಕೇಂದ್ರದ ಮುಖ್ಯಸ್ಥರಾಗಿದ್ದವರು ಪಿ.ಆರ್. ಮಿಶ್ರಾ. ಅವರು ಮಾಡಿದ ಮೊದಲ ಕೆಲಸ ಸರಳವಾದದ್ದು, ಆದರೆ ಅಲ್ಲಿಯವರೆಗೆ ಯಾರೂ ಸರಿಯಾಗಿ ಮಾಡಿರಲಿಲ್ಲ. ಹೂಳು ಎಲ್ಲಿಂದ ಬರುತ್ತಿದೆ ಅಂತ ಹಳ್ಳದ ಜಾಡು ಹಿಡಿದು ಮೇಲಕ್ಕೆ ಹೋದರು. ಆಗ ಗೊತ್ತಾಯಿತು, ಇಡೀ ಜಲಾನಯನ ಹಾಳಾಗಿಲ್ಲ. ಅದರ ಒಂದು ಸಣ್ಣ ಭಾಗ, ಬೋಳಾಗಿ ಕಡಿದಾಗಿ ನಿಂತ ಗುಡ್ಡಗಳು, ಕೆರೆಯ ಹೂಳಿನ ಬಹುಪಾಲನ್ನು ಕಳಿಸುತ್ತಿವೆ. ಆ ಗುಡ್ಡಗಳ ಮೇಲೆ ಮೇಯುತ್ತಿದ್ದದ್ದು ಸುಖೋಮಾಜ್ರಿಯ ಆಡು, ದನ.

ಶಿವಾಲಿಕ್ ಅಂದರೆ ನಮ್ಮ ಚಿತ್ರದುರ್ಗದ ಕಡೆಯ ಬಂಡೆಗಲ್ಲಿನ ಗುಡ್ಡದಂಥದ್ದಲ್ಲ. ಮರಳು, ಜೇಡಿ, ಉರುಟುಗಲ್ಲು ಒತ್ತಿಕೊಂಡು ಆದ, ಇನ್ನೂ ಸರಿಯಾಗಿ ಗಟ್ಟಿಯಾಗದ ಗುಡ್ಡ. ಮೇಲಿನ ಹುಲ್ಲಿನ ಹೊದಿಕೆ ಹೋಯಿತು ಅಂದರೆ ಒಂದೇ ಜೋರು ಮಳೆಗೆ ಕೊರಕಲು ಬೀಳುತ್ತದೆ. ಕೊರಕಲು ಬಿದ್ದರೆ ಅದು ಮೇಲ್ಮುಖವಾಗಿ ತಿನ್ನುತ್ತಾ ಹೋಗುತ್ತದೆ. ಇದು ಹೊಸ ಸಮಸ್ಯೆಯೂ ಅಲ್ಲ. ಈ ಹಳ್ಳಗಳ ಕಾಟಕ್ಕೇ ಅಂತ ಬ್ರಿಟಿಷರು 1900ರಲ್ಲಿ ಪಂಜಾಬ್ ಭೂ ಸಂರಕ್ಷಣಾ ಕಾಯ್ದೆ ತಂದಿದ್ದರು. ಅದರ ಹೆಸರಿನಲ್ಲೇ 'ಚೋ' ಇತ್ತು. ಎಲ್ಲಿ ಮೇಯಿಸಬಾರದು, ಎಲ್ಲಿ ಕಡಿಯಬಾರದು ಅಂತ ನಿಷೇಧ ಹೊರಡಿಸುವ ಅಧಿಕಾರ ಕೊಟ್ಟ ಕಾಯ್ದೆ ಅದು. ಮುಕ್ಕಾಲು ಶತಮಾನ ನಿಷೇಧ ಇತ್ತು, ಗುಡ್ಡ ಬೋಳಾಗುತ್ತಲೇ ಇತ್ತು.

ಊರಿನ ಕಡೆಯಿಂದ ನೋಡಿದರೆ

ಆಗ ಸುಖೋಮಾಜ್ರಿಯಲ್ಲಿ ಸುಮಾರು ಅರವತ್ತು ಮನೆ. ಹೆಚ್ಚುಕಡಿಮೆ ಎಲ್ಲರೂ ಗುಜ್ಜರರು, ಪಶುಪಾಲನೆಯೇ ಹಿಂದಿನಿಂದ ಬಂದ ಕಸುಬು. ತುಂಡು ತುಂಡು ಹೊಲ, ಪೂರ್ತಿ ಮಳೆ ಆಶ್ರಯ. ಮಳೆಗಾಲದಲ್ಲಿ ಮೆಕ್ಕೆಜೋಳ, ಚಳಿಗಾಲದಲ್ಲಿ ಗೋಧಿ. ಮಳೆ ಕೈಕೊಟ್ಟರೆ ಎರಡೂ ಇಲ್ಲ. ಗುಡ್ಡ ಅರಣ್ಯ ಇಲಾಖೆಯದ್ದು, ಊರಿನದ್ದಲ್ಲ. ಆದರೆ ಮೇಯಿಸುವುದು ಅಲ್ಲೇ, ಸೌದೆಯೂ ಅಲ್ಲಿಂದಲೇ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಸಾಮೂಹಿಕ ಭೂಮಿ ಅಂದ ಕೂಡಲೇ ಕೆಲವರು ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಮಾಡಿದ ವಾದವನ್ನು ಮುಂದಿಡುತ್ತಾರೆ. ಎಲ್ಲರ ಹುಲ್ಲುಗಾವಲಿನಲ್ಲಿ ಪ್ರತಿಯೊಬ್ಬನೂ ಇನ್ನೊಂದು ಪಶು ಬಿಡುತ್ತಾನೆ, ಕೊನೆಗೆ ಎಲ್ಲರದ್ದೂ ಹಾಳು ಅನ್ನುವ ವಾದ. ಜನ ದುರಾಸೆಯವರು, ಅದಕ್ಕೇ ಹೀಗೆ ಅಂತ ಅದನ್ನು ಓದಿಕೊಳ್ಳುತ್ತಾರೆ. ಸುಖೋಮಾಜ್ರಿಯಲ್ಲಿ ದುರಾಸೆ ಏನಿರಲಿಲ್ಲ, ಲೆಕ್ಕಾಚಾರ ಇತ್ತು. ಬೆಳೆ ಬರುವುದು ಖಾತ್ರಿ ಇಲ್ಲದವನಿಗೆ ಆಡು ಅಂದರೆ ಕಾಲಿರುವ ಉಳಿತಾಯ. ಬರ ಬಂದರೆ ಮಾರಬಹುದು, ಮದುವೆ ಬಂದರೆ ಮಾರಬಹುದು, ಬೋಳು ಗುಡ್ಡದಲ್ಲೂ ಮುಳ್ಳು ಚಿಗುರು ತಿಂದು ಬದುಕುತ್ತದೆ. ಎಮ್ಮೆ ಸಾಕಬೇಕಾದರೆ ಮೇವು ಬೇಕು, ಮೇವಿಗೆ ನೀರು ಬೇಕು. ನೀರಿಲ್ಲದ ಊರಿನಲ್ಲಿ ಆಡು ಸಾಕಬೇಡಿ ಅನ್ನುವುದು ಬ್ಯಾಂಕ್ ಖಾತೆ ಮುಚ್ಚಿ ಅಂದ ಹಾಗೆ.

ಮಿಶ್ರಾ ಅವರ ತಂಡ ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಗುಡ್ಡಕ್ಕೆ ಅಡ್ಡಲಾಗಿ ಕಂದಕ ತೋಡಿದರು, ಕೊರಕಲಿಗೆ ಕಲ್ಲಿನ ತಡೆ ಹಾಕಿದರು, ಸಸಿ ನೆಟ್ಟರು, ಹುಲ್ಲು ಹಾಕಿದರು. ತಾಂತ್ರಿಕವಾಗಿ ಎಲ್ಲ ಸರಿ. ಆದರೆ ಆಡುಗಳು ಮೇಲೆ ಹೋಗುತ್ತಲೇ ಇದ್ದವು, ಸಸಿ ಉಳಿಯಲಿಲ್ಲ. ಊರಿನವರನ್ನು ಕೇಳಿಕೊಂಡರೆ ಅವರು ಯಾಕೆ ಒಪ್ಪಬೇಕು? ಗುಡ್ಡ ಇಲಾಖೆಯದ್ದು, ಕೆರೆ ಚಂಡೀಗಢದ್ದು, ಉಪವಾಸ ಮಾತ್ರ ಇವರದ್ದು.

ಕಟ್ಟೆ

ಊರಿನ ಹೊಲಗಳ ಅಂಚಿಗೆ ಒಂದು ಕೊರಕಲು ತಿನ್ನುತ್ತಾ ಬರುತ್ತಿತ್ತು. ವರ್ಷವರ್ಷ ಸ್ವಲ್ಪ ಸ್ವಲ್ಪ ಹೊಲ ಹಳ್ಳಕ್ಕೆ ಹೋಗುತ್ತಿತ್ತು. ಅದನ್ನು ನಿಲ್ಲಿಸುವುದಕ್ಕೆ ಅಂತ 1976ರಲ್ಲಿ ಮೇಲ್ಗಡೆ ಒಂದು ಮಣ್ಣಿನ ಕಟ್ಟೆ ಕಟ್ಟಿದರು. ನೀರಾವರಿಗೆ ಅಂತ ಅಲ್ಲ, ಗಮನಿಸಿ. ಮಣ್ಣು ಉಳಿಸುವುದಕ್ಕೆ. ನೀರು ನಿಂತದ್ದು ಒಂದು ರೀತಿ ಪಕ್ಕದ ಲಾಭ.

ಮರುವರ್ಷ, 1977ರಲ್ಲಿ, ಮಳೆ ಕೈಕೊಟ್ಟಿತು. ಬೆಳೆ ಬಾಡತೊಡಗಿತು. ಕಣ್ಣೆದುರಿಗೆ ಕಟ್ಟೆಯಲ್ಲಿ ನೀರು ನಿಂತಿದೆ, ಅದರ ಕೆಳಗೆ ಹೊಲ ಒಣಗುತ್ತಿದೆ. ಆ ನೀರು ಬಿಟ್ಟು ಬೆಳೆ ಉಳಿಸಿದರು. ಮಳೆ ಆಶ್ರಯದ ಗೋಧಿಗೆ ಸರಿಯಾದ ಹೊತ್ತಿಗೆ ಒಂದೋ ಎರಡೋ ನೀರು ಸಿಕ್ಕರೆ ಎಷ್ಟು ವ್ಯತ್ಯಾಸ ಅನ್ನುವುದು ಹಿಂಗಾರಿ ಬೆಳೆಯುವ ಯಾರಿಗೂ ಹೇಳಬೇಕಾಗಿಲ್ಲ. ಅಲ್ಲಿಂದ ಊರಿನ ಮಾತು ಬದಲಾಯಿತು. ನಮಗೆ ಇಂಥ ಕಟ್ಟೆ ಇನ್ನೂ ಬೇಕು ಅಂದರು.

ಈಗ ವಿನ್ಯಾಸದ ವಿಷಯಕ್ಕೆ ಬರೋಣ, ಯಾಕಂದರೆ ಇದರ ಜಾಣತನ ಇರುವುದು ಜಾಗದ ಆಯ್ಕೆಯಲ್ಲಿ. ಕಟ್ಟೆ ಗುಡ್ಡಕ್ಕೂ ಹೊಲಕ್ಕೂ ನಡುವೆ ಇದೆ. ಹೊಲಕ್ಕಿಂತ ಎತ್ತರದಲ್ಲಿ ಇರುವುದರಿಂದ ಪಂಪು ಬೇಡ, ಡೀಸೆಲ್ ಬೇಡ. ತೂಬು ತೆಗೆದರೆ ನೆಲದಡಿಯ ಪೈಪಿನಲ್ಲಿ ನೀರು ತಾನಾಗಿ ಇಳಿದು ಹೊಲಕ್ಕೆ ಬರುತ್ತದೆ. ಕಟ್ಟೆಯ ಜಲಾನಯನ ಅಂದರೆ ನೇರ ಮೇಲಿನ ಗುಡ್ಡವೇ. ಆ ಗುಡ್ಡದಲ್ಲಿ ಆಡು ಮೇಯ್ದು ಹುಲ್ಲು ಹೋದರೆ ಮಣ್ಣು ಇಳಿದು ಬರುವುದು ದೂರದ ಚಂಡೀಗಢಕ್ಕಲ್ಲ, ಮೊದಲು ಇವರದ್ದೇ ಕಟ್ಟೆಗೆ. ಸಣ್ಣ ಕಟ್ಟೆ ಆದ್ದರಿಂದ ಹೂಳು ತುಂಬುವುದು ನಾಲ್ಕೈದು ಮಳೆಗಾಲದಲ್ಲಿ ಕಣ್ಣಿಗೇ ಕಾಣುತ್ತದೆ. ಆಡು ಬಿಟ್ಟವನಿಗೂ ಹೂಳು ಹೊರುವವನಿಗೂ ನಡುವೆ ಇದ್ದ ಕಿಲೋಮೀಟರುಗಟ್ಟಲೆ ದೂರವನ್ನು ಆ ಕಟ್ಟೆ ಒಂದು ಕೂಗಳತೆಗೆ ಇಳಿಸಿತು. ದೊಡ್ಡ ಅಣೆಕಟ್ಟು ಕಟ್ಟಿದ್ದರೆ ಇದು ಆಗುತ್ತಿರಲಿಲ್ಲ. 1985ರ ಹೊತ್ತಿಗೆ ಇಂಥ ನಾಲ್ಕು ಕಟ್ಟೆಗಳಾದವು.

ಗುಡ್ಡದ ಕೆಲಸವೂ ಇದರ ಜೊತೆಗೇ ನಡೆಯಿತು. ಸಮಪಾತಳಿಯಲ್ಲಿ, ಅಂದರೆ ಗುಡ್ಡದ ಒಂದೇ ಎತ್ತರದ ಗೆರೆಯಲ್ಲಿ ಕಂದಕ ತೋಡಿ, ತೆಗೆದ ಮಣ್ಣನ್ನು ಇಳಿಜಾರಿನ ಕೆಳಬದಿಗೆ ದಿಂಡಾಗಿ ಹಾಕುವುದು. ದಿಂಡಿನ ಮೇಲೆ ಭಾಬ್ಬರ್ ಹುಲ್ಲು. ಅದರ ಬೇರು ಸಡಿಲ ಮಣ್ಣನ್ನು ಹಿಡಿದುಕೊಳ್ಳುತ್ತದೆ. ಕಂದಕದ ತೇವಕ್ಕೆ ಕಗ್ಗಲಿ, ಅಂದರೆ ವೀಳ್ಯಕ್ಕೆ ಕಾಚು ತೆಗೆಯುವ ಮರ, ಅಲ್ಲಿಯವರು ಖೈರ್ ಅನ್ನುತ್ತಾರೆ. ಜೊತೆಗೆ ಬೀಟೆಯ ಜಾತಿಯ ಶೀಶಮ್. ಹೊರಗಿನಿಂದ ತಂದ ಗಿಡ ಯಾವುದೂ ಅಲ್ಲ. ಕಾಪಾಡಿದರೆ ಬುಡದಿಂದ ತಾನೇ ಚಿಗುರುವ, ಆ ಗುಡ್ಡದವೇ ಆದ ಗಿಡಗಳು. ಭಾಬ್ಬರ್ ಬಗ್ಗೆ ಇನ್ನೊಂದು ಮಾತು: ಎಳೆಯದಾಗಿದ್ದಾಗ ದನ ತಿನ್ನುತ್ತದೆ, ಬಲಿತ ಮೇಲೆ ನಾರು. ಹಗ್ಗ ಹೊಸೆಯಬಹುದು, ಕಾಗದದ ಕಾರ್ಖಾನೆಗೆ ಮಾರಬಹುದು. ಒಂದೇ ಹುಲ್ಲಿನಿಂದ ಮಣ್ಣು ಹಿಡಿಯುವ ಕೆಲಸ, ಮೇವು, ರೊಕ್ಕ ಮೂರೂ ಆಗುತ್ತದೆ.

ನೀರು ಯಾರಿಗೆ?

ಇಲ್ಲಿಗೇ ನಿಂತಿದ್ದರೆ ಸುಖೋಮಾಜ್ರಿ ಇನ್ನೊಂದು ಚೆಕ್ ಡ್ಯಾಮ್ ಆಗಿ ಮುಗಿದುಹೋಗುತ್ತಿತ್ತು. ಮೊದಲ ಕಟ್ಟೆಯ ನೀರು ಹರಿದದ್ದು ಅದರ ಕೆಳಗೆ ಹೊಲ ಇದ್ದ ಕೆಲವರಿಗೆ ಮಾತ್ರ. ಉಳಿದವರು ಕೇಳಿದರು: ಗುಡ್ಡಕ್ಕೆ ಆಡು ಬಿಡಬೇಡಿ ಅಂತ ನಮಗೂ ಹೇಳಿದಿರಿ, ನಾವೂ ಬಿಡಲಿಲ್ಲ, ಗೋಧಿ ಮಾತ್ರ ಅವನ ಮನೆಗೆ ಯಾಕೆ? ನ್ಯಾಯವಾದ ಪ್ರಶ್ನೆ ಅಲ್ವಾ. ಕಾಯುವುದು ಎಲ್ಲರೂ, ಉಣ್ಣುವುದು ಕೆಲವರು ಅಂದರೆ ಯಾರು ಕಾಯುತ್ತಾರೆ? ಅರವತ್ತು ಮನೆಯಲ್ಲಿ ಐದು ಮನೆಯವರು ತಮ್ಮ ಆಡುಗಳನ್ನು ಗುಡ್ಡಕ್ಕೆ ಬಿಟ್ಟರೂ ಸಾಕು, ಇಡೀ ಕೆಲಸ ಹಾಳು.

1970ರ ದಶಕ ಮುಗಿಯುವ ಹೊತ್ತಿಗೆ ಊರು ಮತ್ತು ಮಿಶ್ರಾ ಅವರ ತಂಡ ಸೇರಿ ಒಂದು ತೀರ್ಮಾನಕ್ಕೆ ಬಂದರು. ಕಟ್ಟೆಯ ನೀರಿನಲ್ಲಿ ಪ್ರತಿ ಮನೆಗೂ ಸಮಪಾಲು. ಎಕರೆ ಲೆಕ್ಕ ಅಲ್ಲ, ಮನೆ ಲೆಕ್ಕ. ಹೊಲ ಜಾಸ್ತಿ ಇದ್ದವನಿಗೂ ಅಷ್ಟೇ, ತುಂಡು ಹೊಲ ಇದ್ದವನಿಗೂ ಅಷ್ಟೇ, ಹೊಲವೇ ಇಲ್ಲದ ಮನೆಗೂ ಅಷ್ಟೇ. ಹೊಲ ಇಲ್ಲದವನು ನೀರು ತಗೊಂಡು ಏನು ಮಾಡುತ್ತಾನೆ? ತನ್ನ ಪಾಲನ್ನು ಇನ್ನೊಬ್ಬನಿಗೆ ಮಾರಬಹುದು, ಅಥವಾ ಬೇರೆಯವರ ಹೊಲವನ್ನು ಕೋರಿಗೆ, ಅಂದರೆ ಬೆಳೆಯ ಪಾಲಿಗೆ ಮಾಡಿ ತನ್ನ ನೀರು ಹಾಯಿಸಬಹುದು.

ಇದು ಎಷ್ಟು ದೊಡ್ಡ ಮಾತು ಅನ್ನುವುದು ನಮ್ಮ ಕೆರೆಗಳ ಪದ್ಧತಿ ಗೊತ್ತಿದ್ದವರಿಗೆ ಕೂಡಲೇ ಹೊಳೆಯುತ್ತದೆ. ನಮ್ಮಲ್ಲಿ ಕೆರೆ ನೀರು ಅಂದರೆ ಅಚ್ಚುಕಟ್ಟಿನ ನೀರು. ನೀರುಗಂಟಿ ತೂಬು ಎತ್ತುವುದು ಅಚ್ಚುಕಟ್ಟಿನ ಹೊಲಗಳಿಗೆ. ಸರದಿ ಎಷ್ಟೇ ನ್ಯಾಯವಾಗಿದ್ದರೂ ಅದು ಅಚ್ಚುಕಟ್ಟಿನೊಳಗಿನ ನ್ಯಾಯ. ಕೆರೆಯ ಮೇಲ್ಗಡೆ ಕುರಿ ಮೇಯಿಸುವವನಿಗೆ ಆ ನೀರಿನಲ್ಲಿ ಪಾಲಿಲ್ಲ. ಕೆರೆಗೆ ಹೂಳು ಬರದ ಹಾಗೆ ನೋಡಿಕೊಳ್ಳುವ ಶಕ್ತಿ ಮಾತ್ರ ಅವನ ಕೈಯಲ್ಲೇ ಇದೆ. ಸುಖೋಮಾಜ್ರಿ ಈ ಗಂಟನ್ನು ಬಿಚ್ಚಿತು. ನೀರಿನ ಹಕ್ಕನ್ನು ಜಮೀನಿನಿಂದ ಬಿಡಿಸಿ, ಗುಡ್ಡ ಕಾಯುವುದಕ್ಕೆ ಕಟ್ಟಿದರು. ಇಡೀ ಪ್ರಕರಣದಲ್ಲಿ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳಿ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಕಟ್ಟೆಯ ಎತ್ತರ, ಕಂದಕದ ಅಗಲ ಎಲ್ಲ ಆಮೇಲೆ.

ಎಲ್ಲರೂ ಒಂದೇ ಸಮುದಾಯದವರು, ಜಮೀನಿಲ್ಲದವರು ಬಹಳ ಕಡಿಮೆ, ಹೊಲದ ಅಂತರವೂ ಅಂಥಾ ದೊಡ್ಡದಲ್ಲ. ಹಾಗಾಗಿ ಸಮಪಾಲು ಒಪ್ಪಿಸುವುದು ಇಲ್ಲಿ ಸುಲಭವಾಯಿತು ಅನ್ನುವುದನ್ನೂ ಹೇಳಬೇಕು. ಊರಿನಲ್ಲಿ ಒಬ್ಬ ಗೌಡನಿಗೆ ಐವತ್ತು ಎಕರೆ, ಕೇರಿಗೆ ಏನೂ ಇಲ್ಲ ಅನ್ನುವ ಕಡೆ ಈ ಮಾತು ಇಷ್ಟು ಸಲೀಸಾಗಿ ನಡೆಯುತ್ತಿರಲಿಲ್ಲ.

ಬೇಲಿ ಇಲ್ಲದ ಬೇಲಿ

ನೀರಿನ ಲೆಕ್ಕಕ್ಕೆ ಒಂದು ಸಂಘ ಮಾಡಿಕೊಂಡರು. ಅದೇ ಬೆಳೆದು ಹಿಲ್ ರಿಸೋರ್ಸ್ ಮ್ಯಾನೇಜ್‌ಮೆಂಟ್ ಸೊಸೈಟಿ, ಅಂದರೆ ಗುಡ್ಡದ ಸಂಪತ್ತು ನೋಡಿಕೊಳ್ಳುವ ಸಂಘ ಆಯಿತು. ಪ್ರತಿ ಮನೆಯೂ ಸದಸ್ಯ. ನೀರಿಗೆ ಶುಲ್ಕ, ಕಟ್ಟೆಯಲ್ಲಿ ಮೀನು ಸಾಕಲು ಗುತ್ತಿಗೆ, ಗುಡ್ಡಕ್ಕೆ ಪಶು ಬಿಟ್ಟರೆ ದಂಡ. ತಂತಿ ಬೇಲಿ ಇಲ್ಲ, ಇಲಾಖೆಯ ವಾಚರ್ ಬೇಕಾಗಿಲ್ಲ. ಇದಕ್ಕೆ ಆಮೇಲೆ 'ಸಾಮಾಜಿಕ ಬೇಲಿ' ಅಂತ ಹೆಸರು ಬಂತು. ಅಕ್ಕಪಕ್ಕದವರ ಕಣ್ಣೇ ಕಾವಲು.

ಆದರೆ ಹುಲ್ಲಿನ ವಿಷಯದಲ್ಲಿ ಒಂದು ದೊಡ್ಡ ತೊಡಕಿತ್ತು. ಗುಡ್ಡ ಅರಣ್ಯ ಇಲಾಖೆಯದ್ದು ಅಂದೆನಲ್ಲ, ಹುಲ್ಲನ್ನು ಇಲಾಖೆ ಪ್ರತಿ ವರ್ಷ ಹರಾಜು ಹಾಕುತ್ತಿತ್ತು. ಗುತ್ತಿಗೆದಾರ ಹಿಡಿದುಕೊಂಡು, ಊರಿನವರಿಗೆ ಕುಡುಗೋಲಿಗೆ ಇಷ್ಟು ಅಂತ ದುಡ್ಡು ತಗೊಂಡು ಮೇವು ಕೊಯ್ಯಲು ಬಿಡುತ್ತಿದ್ದ. ಯೋಚಿಸಿ ನೋಡಿ. ಊರಿನವರು ಆಡು ಬಿಡದೆ ಕಾಯ್ದದ್ದರಿಂದ ಹುಲ್ಲು ಬಂತು. ಹುಲ್ಲು ಜಾಸ್ತಿ ಬಂದಷ್ಟೂ ಹರಾಜಿನ ಬೆಲೆ ಏರಿತು. ತಾವು ಕಾಯ್ದ ಹುಲ್ಲನ್ನು ತಾವೇ ಹೊರಗಿನವನಿಂದ ಕೊಳ್ಳಬೇಕು. 1980ರ ದಶಕದ ನಡುವಿನಲ್ಲಿ ಇದು ಸರಿಯಾಯಿತು. ಹಿಂದಿನ ವರ್ಷಗಳ ಸರಾಸರಿ ಹರಾಜು ಬೆಲೆಗೆ ಹುಲ್ಲಿನ ಗುತ್ತಿಗೆಯನ್ನು ನೇರವಾಗಿ ಸೊಸೈಟಿಗೇ ಕೊಡಲು ಇಲಾಖೆ ಒಪ್ಪಿತು. ಸೊಸೈಟಿ ಮನೆಗೊಂದು ವಾರ್ಷಿಕ ಶುಲ್ಕ ಹಾಕಿ ಮೇವು ಕೊಯ್ಯಲು ಬಿಟ್ಟಿತು, ಬಲಿತ ಭಾಬ್ಬರನ್ನು ಕಾಗದದ ಕಾರ್ಖಾನೆಗೆ ಮಾರಿತು. ಮಧ್ಯವರ್ತಿ ಹೋದ. ಬಂದ ದುಡ್ಡಿನಲ್ಲಿ ಕಟ್ಟೆ ರಿಪೇರಿ, ಊರಿನ ಕೆಲಸ.

ನೀರು ಬಂತು, ಮೇವು ಬಂತು, ಆಮೇಲೆ ಆಡು ತಾನಾಗಿ ಹೋಯಿತು. ಆಡು ಸಾಕಲೇಬಾರದು ಅಂತ ಯಾರೂ ನಿಷೇಧ ಹಾಕಲಿಲ್ಲ. ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕಬಹುದಾದ ಎಮ್ಮೆ ಲಾಭ ಅನ್ನಿಸಿತು, ಹಾಲು ಚಂಡೀಗಢದ ಕಡೆ ಹೋಗತೊಡಗಿತು. ಗೋಧಿ, ಮೆಕ್ಕೆಜೋಳದ ಇಳುವರಿ ದುಪ್ಪಟ್ಟಾಯಿತು. ಗುಡ್ಡದಲ್ಲಿ 1976ರಲ್ಲಿ ಹೆಕ್ಟೇರಿಗೆ 13 ಮರ ಇದ್ದದ್ದು 1992ರ ಹೊತ್ತಿಗೆ 1,272 ಆಗಿತ್ತು. ಸುಖ್ನಾ ಕೆರೆಗೆ ಬರುತ್ತಿದ್ದ ಹೂಳು ಶೇಕಡ 90ಕ್ಕಿಂತ ಜಾಸ್ತಿ ಇಳಿಯಿತು. ಚಂಡೀಗಢ ಪ್ರತಿ ವರ್ಷ ಹೂಳೆತ್ತಲು ಸುರಿಯುತ್ತಿದ್ದ ದುಡ್ಡು ಉಳಿಯಿತು.

ಈ ಪ್ರಕರಣವನ್ನು ಅರ್ಥಶಾಸ್ತ್ರದ ಕಣ್ಣಿನಿಂದ ಆಳವಾಗಿ ಅಧ್ಯಯನ ಮಾಡಿದವರಲ್ಲಿ ನಮ್ಮವರೊಬ್ಬರಿದ್ದಾರೆ, ಮುಂದೆ ಧಾರವಾಡದ ಸಿಎಂಡಿಆರ್ ಅನ್ನುವ ಅಭಿವೃದ್ಧಿ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದ ಗೋಪಾಲ ಕಡೇಕೋಡಿ. ಕಾಂಚನ್ ಚೋಪ್ರಾ, ಎಂ.ಎನ್. ಮೂರ್ತಿ ಜೊತೆ ಸೇರಿ 1990ರಲ್ಲಿ ಅವರು ಇದನ್ನು ಪ್ರಕಟಿಸಿದರು. ಸರ್ಕಾರವೂ ಅಲ್ಲದ, ಖಾಸಗಿಯೂ ಅಲ್ಲದ, ಜನ ಸೇರಿ ನಡೆಸುವ ಮೂರನೆಯ ವ್ಯವಸ್ಥೆಯೊಂದು ಲೆಕ್ಕದಲ್ಲೂ ಗೆಲ್ಲುತ್ತದೆ ಅನ್ನುವುದು ಆ ಅಧ್ಯಯನದ ಸಾರ. ಸಾಮೂಹಿಕ ಸಂಪತ್ತಿನ ಮೇಲಿನ ಕೆಲಸಕ್ಕೆ ಎಲಿನರ್ ಆಸ್ಟ್ರಂ ಅವರಿಗೆ ನೊಬೆಲ್ ಬಂದದ್ದು 2009ರಲ್ಲಿ. ಈ ಅಧ್ಯಯನ ಅದಕ್ಕೂ ಎಷ್ಟೋ ಮೊದಲಿನದು.

ಸಡಿಲವಾದದ್ದು

ಸ್ಲೈಡ್ ಮುಗಿಯುವುದು ಇಲ್ಲಿಗೆ. ಊರು ಮುಂದೆಯೂ ಇತ್ತಲ್ಲ.

ಮೊದಲ ಏಟು ತೆರಿಗೆಯದ್ದು. ಹುಲ್ಲು ಮಾರಿ ಬಂದ ಆದಾಯಕ್ಕೆ ಸೊಸೈಟಿಯ ಮೇಲೆ ಆದಾಯ ತೆರಿಗೆ ಬಿತ್ತು. ಬೋಳು ಗುಡ್ಡ ಹಸಿರು ಮಾಡಿ ತೆರಿಗೆ ಕಟ್ಟಿದ ಊರು ಅಂತ ಪತ್ರಿಕೆಗಳು ಹೆಮ್ಮೆಯಿಂದ ಬರೆದವು. ಹೆಮ್ಮೆ ಸರಿ, ಆದರೆ ಇದೇ ಸರ್ಕಾರ ಹೂಳೆತ್ತುವ ಖರ್ಚು ಉಳಿಸಿಕೊಂಡದ್ದನ್ನು ಯಾವ ಕಾಲಂನಲ್ಲಿ ಬರೆದುಕೊಂಡಿತೋ. ಚಂಡೀಗಢಕ್ಕೆ ಉಳಿದ ದುಡ್ಡಿನಲ್ಲಿ ವರ್ಷವರ್ಷ ಊರಿಗೆ ಇಷ್ಟು ಅನ್ನುವ ಪಾಲು ಬರಲೇ ಇಲ್ಲ. ಕಟ್ಟೆಗಳು ಒಂದು ಸಲದ ಬಂಡವಾಳ, ಯೋಜನೆಯ ಲೆಕ್ಕದಲ್ಲಿ ಬಂದದ್ದು. ಕಾಯುವ ಕೆಲಸ ಮಾತ್ರ ಪ್ರತಿ ವರ್ಷದ್ದು.

ಎರಡನೆಯದು, 1990ರ ದಶಕದಲ್ಲಿ ಹುಲ್ಲಿನ ಗುತ್ತಿಗೆಯ ಷರತ್ತು ಬದಲಾಗಿ ಊರಿನ ಪಾಲು ಕಡಿಮೆಯಾಯಿತು. ಸೊಸೈಟಿಯ ಕೈಯಲ್ಲಿ ದುಡ್ಡು ಕಡಿಮೆಯಾದರೆ ಕಟ್ಟೆಯ ಹೂಳೆತ್ತುವುದು, ಪೈಪ್ ರಿಪೇರಿ ಮಾಡುವುದು ಹಿಂದೆ ಬೀಳುತ್ತದೆ. ಕಟ್ಟೆಗಳು ಒಂದೊಂದಾಗಿ ಹೂಳು ತುಂಬಿಕೊಂಡವು. ಎಷ್ಟೇ ಹುಲ್ಲಿದ್ದರೂ ಶಿವಾಲಿಕ್ ಮಣ್ಣು ಸ್ವಲ್ಪವಾದರೂ ಇಳಿಯುತ್ತದೆ, ಇಂಥ ಕಟ್ಟೆಗೆ ಆಯುಸ್ಸು ಇರುವುದೇ ಇಷ್ಟು. ಕಟ್ಟೆ ಹೋದರೆ ಹೊಸದು ಕಟ್ಟಲು ಯಾರ ದುಡ್ಡು ಅನ್ನುವುದು ಮೂಲ ವಿನ್ಯಾಸದಲ್ಲೇ ಇರಲಿಲ್ಲ. ಹೊಲಕ್ಕೆ ನೀರೇ ಬರದೆ ಹೋದರೆ ಸಮಪಾಲಿನ ಒಪ್ಪಂದಕ್ಕೆ ಅರ್ಥ ಏನು? ಎಲ್ಲವನ್ನೂ ಹಿಡಿದಿದ್ದದ್ದು ಅದೇ ಅಲ್ವಾ.

ಮೂರನೆಯದು ಯಾರೂ ಲೆಕ್ಕ ಹಾಕಿರದ ವಿಷಯ, ಪರಿಸರದ್ದೇ. ಮರ ದಟ್ಟವಾದ ಹಾಗೆ ಕೆಳಗೆ ನೆರಳು ಜಾಸ್ತಿಯಾಯಿತು. ಭಾಬ್ಬರ್ ಬಿಸಿಲಿನ ಹುಲ್ಲು. ನೆರಳಿನಲ್ಲಿ ಕುಗ್ಗುತ್ತದೆ, ಲಂಟಾನ ಅನ್ನುವ ಕಳೆ ನುಗ್ಗುತ್ತದೆ. ಅಂದರೆ ಗುಡ್ಡ ಚೆನ್ನಾಗಿ ಬೆಳೆದಷ್ಟೂ ಹುಲ್ಲಿನ ಆದಾಯ ಇಳಿಯಿತು. ಆಗ ಕಗ್ಗಲಿಯನ್ನು ಹದವಾಗಿ ಕಡಿದು, ಕಾಚಿಗೆ ಮಾರಿ, ಬೆಳಕು ಬಿಡಬೇಕಿತ್ತು. ಕಗ್ಗಲಿಗೆ ಬೆಲೆಯೂ ಭರ್ಜರಿ. ಆದರೆ ಮರ ಇಲಾಖೆಯದ್ದು. ಹುಲ್ಲಿನ ಗುತ್ತಿಗೆ ಊರಿಗೆ ಕೊಟ್ಟಿದ್ದರೂ ಮರದ ಮೇಲೆ ಊರಿಗೆ ಗಟ್ಟಿ ಹಕ್ಕು ಯಾವತ್ತೂ ಬರಲಿಲ್ಲ. 1996ರ ಡಿಸೆಂಬರಿನಲ್ಲಿ ಕಾಡು ಉಳಿಸುವ ಕುರಿತ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲಂತೂ ದೇಶದ ಯಾವ ಕಾಡಿನಲ್ಲೂ ಮಂಜೂರಾದ ವರ್ಕಿಂಗ್ ಪ್ಲ್ಯಾನ್ (ಕಾಡಿನ ನಿರ್ವಹಣಾ ಯೋಜನೆ) ಇಲ್ಲದೆ ಕೊಡಲಿ ಹಾಕುವ ಹಾಗಿಲ್ಲ. ಆದೇಶದ ಉದ್ದೇಶ ಒಳ್ಳೆಯದೇ. ಆದರೆ ತಾವು ಇಪ್ಪತ್ತು ವರ್ಷ ಕಾಯ್ದ ಮರದಿಂದ ತಮಗೆ ಏನು ಅಂತ ಸುಖೋಮಾಜ್ರಿಯವರು ಕೇಳಿದರೆ ಉತ್ತರ ಹೇಳುವವರಿರಲಿಲ್ಲ.

ನಾಲ್ಕನೆಯದು ಯಾವ ಸಂಘದ ಕೈಯಲ್ಲೂ ಇಲ್ಲದ್ದು. ಪಂಚಕುಲಾ, ಪಿಂಜೋರ್ ಬೆಳೆದವು, ರಸ್ತೆ ಬಂತು, ಕಾರ್ಖಾನೆ ಬಂತು, ಜಮೀನಿಗೆ ಬೆಲೆ ಬಂತು. ಮೇವು ಕೊಯ್ಯುವುದಕ್ಕಿಂತ ಫ್ಯಾಕ್ಟರಿ ಸಂಬಳ ವಾಸಿ ಅಂತ ಹುಡುಗರಿಗೆ ಅನ್ನಿಸಿದರೆ ತಪ್ಪೇನೂ ಇಲ್ಲ.

ಇಷ್ಟಾದರೂ ಗುಡ್ಡ ಮತ್ತೆ ಬೋಳಾಗಲಿಲ್ಲ, ಇದನ್ನು ಹೇಳಲೇಬೇಕು. ಆಡು ಹೋದದ್ದು ಹೋಯಿತು. ಸುಖ್ನಾ ಕೆರೆಯ ಸಮಸ್ಯೆಯೇ ತಿರುಗಾ ಮುರುಗಾ ಆಯಿತು. ಆಮೇಲಿನ ಎಷ್ಟೋ ವರ್ಷ ಕೆರೆಗೆ ಹೂಳಿಗಿಂತ ನೀರಿನ ಕೊರತೆ ದೊಡ್ಡದಾಯಿತು. ಜಲಾನಯನದ ತುಂಬ ಕಟ್ಟಿದ ತಡೆಗಳು ಮತ್ತು ದಟ್ಟ ಕಾಡು ಮಳೆ ನೀರನ್ನು ಮೇಲೆಯೇ ಹಿಡಿಯುತ್ತವೆ, ಕೆಳಗೆ ಕಟ್ಟಡಗಳು ಹರಿವಿಗೆ ಅಡ್ಡ ಬಂದಿವೆ. ಕೆಲವು ಬೇಸಿಗೆಗಳಲ್ಲಿ ಕೆರೆಯ ತಳ ಕಂಡಿದೆ. 2020ರ ಮಾರ್ಚ್ 2ರಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಸುಖ್ನಾ ಕೆರೆಗೆ ಜೀವಂತ ವ್ಯಕ್ತಿಯ ಕಾನೂನು ಸ್ಥಾನ ಕೊಟ್ಟು, ಚಂಡೀಗಢದ ನಾಗರಿಕರೆಲ್ಲ ಅದರ ಪೋಷಕರು ಅಂದಿತು. ಮೇಲಿನ ಗುಡ್ಡದ ಹಳ್ಳಿಯವರು ಎಷ್ಟೋ ಮೊದಲೇ ಆ ಕೆಲಸ ಮಾಡಿದ್ದರು, ಬಿಟ್ಟಿಯಾಗಿ.

ನಮ್ಮ ಕಡೆಗೆ ಬಂದದ್ದು ಏನು, ಬರದೇ ಉಳಿದದ್ದು ಏನು

1970ರ ದಶಕದಲ್ಲಿ ಮಿಶ್ರಾ ಅವರಿದ್ದ ಇದೇ ಮಣ್ಣು ಮತ್ತು ನೀರು ಸಂರಕ್ಷಣಾ ಸಂಸ್ಥೆ ಸುಖೋಮಾಜ್ರಿಯ ಜೊತೆಗೆ ಆಯ್ದುಕೊಂಡ ಊರುಗಳಲ್ಲಿ ನಮ್ಮ ಚಿತ್ರದುರ್ಗದ ಜಿ.ಆರ್. ಹಳ್ಳಿಯೂ ಒಂದು. ಆಮೇಲೆ ದೇಶದ ತುಂಬ ಮಾದರಿ ಜಲಾನಯನಗಳಾದವು. ಸುಖೋಮಾಜ್ರಿ ಮತ್ತು ಊರಿನವರೇ ಕಾಡು ಕಾಯ್ದ ಪಶ್ಚಿಮ ಬಂಗಾಳದ ಅರಾಬಾರಿ, ಇವುಗಳ ಅನುಭವದ ಮೇಲೆ ಕೇಂದ್ರ ಸರ್ಕಾರ 1990ರ ಜೂನ್ 1ರಂದು ಜಂಟಿ ಅರಣ್ಯ ನಿರ್ವಹಣೆಯ, ಅಂದರೆ ಇಲಾಖೆ ಮತ್ತು ಊರು ಸೇರಿ ಕಾಡು ನೋಡಿಕೊಳ್ಳುವ ಪದ್ಧತಿಯ ಸುತ್ತೋಲೆ ಹೊರಡಿಸಿತು. ಕರ್ನಾಟಕದ ಆದೇಶ 1993ರಲ್ಲಿ ಬಂತು, ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು. ಎಷ್ಟು ಸಮಿತಿಗಳಿಗೆ ಜೀವ ಇತ್ತು, ಎಷ್ಟು ಬರೀ ರಿಜಿಸ್ಟರಿನಲ್ಲಿ ಇದ್ದವು ಅನ್ನುವುದು ಮಲೆನಾಡಿನವರಿಗೂ ಬಯಲುಸೀಮೆಯವರಿಗೂ ಗೊತ್ತು.

ನನ್ನ ಅಭಿಪ್ರಾಯ ಕೇಳಿದರೆ, ಎಲ್ಲ ಕಡೆ ನಕಲು ಆದದ್ದು ಕಂದಕ ಮತ್ತು ಕಟ್ಟೆ. ಅದು ಸುಲಭ, ಎಸ್ಟಿಮೇಟ್ ಬರೆಯಬಹುದು, ಬಿಲ್ ಮಾಡಬಹುದು, ಫೋಟೋ ತೆಗೆಯಬಹುದು. ನೀರಿನ ಸಮಪಾಲನ್ನು ನಕಲು ಮಾಡಿದವರು ಬಹಳ ಕಡಿಮೆ. ಕೃಷಿ ಹೊಂಡ ಹೊಲದವನಿಗೆ, ಬದು ಹೊಲದವನಿಗೆ. ಗೋಮಾಳದಲ್ಲಿ ಮಾತ್ರ ಕಂದಕ ತೋಡಿ ನೀಲಗಿರಿಯನ್ನೋ ಅಕೇಶಿಯವನ್ನೋ ನೆಟ್ಟು, ಇನ್ನು ಮೇಯಿಸಬೇಡಿ ಅಂತ ಬೋರ್ಡ್. ಆ ಗೋಮಾಳದ ಮೇಲೆ ಬದುಕುವವನು ಕುರಿಗಾರ, ಹೊಲ ಇಲ್ಲದವನು. ಯೋಜನೆಯಿಂದ ಅವನಿಗೆ ಸಿಕ್ಕಿದ್ದು ಆ ಬೋರ್ಡ್ ಒಂದೇ. ಇನ್ನೊಂದು ಕಡೆ ಬಗರ್ ಹುಕುಂ ಅರ್ಜಿ ಹಾಕಿದವರು ಗೋಮಾಳ ಇನ್ನೇನು ಹಂಚಿಹೋಗುತ್ತದೆ ಅಂತ ಕಾಯುತ್ತಿರುತ್ತಾರೆ. ನಾಳೆ ಇರುತ್ತದೋ ಇಲ್ಲವೋ ಗೊತ್ತಿಲ್ಲದ ಜಾಗಕ್ಕೆ ಇವತ್ತು ಕಾವಲು ಕಾಯಿ ಅಂದರೆ ಯಾರು ಕಾಯುತ್ತಾರೆ?

ಹಾಗಾಗಿ ಯಾವುದಾದರೂ ಊರಿನ ಗೋಮಾಳಕ್ಕೋ ಸೊಪ್ಪಿನ ಬೆಟ್ಟಕ್ಕೋ ಯೋಜನೆ ಮಾಡುವವರಿದ್ದರೆ, ನೆಲದ ಏರಿಳಿತ ಅಳೆಯುವ ಲೆವೆಲ್ ಯಂತ್ರ ಹೊರಗೆ ತೆಗೆಯುವ ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ. ಅಲ್ಲಿಗೆ ಯಾರ ಪಶು ಹೋಗುತ್ತದೆ, ಯಾವ ತಿಂಗಳು, ಅದು ನಿಂತರೆ ಅವನ ಮನೆಗೆ ಏನು ಕಡಿಮೆಯಾಗುತ್ತದೆ ಅಂತ ಮನೆಮನೆ ತಿರುಗಿ ಬರೆದುಕೊಳ್ಳಿ. ಕಡಿಮೆಯಾಗುವುದನ್ನು ತುಂಬಿಕೊಡುವ ನೀರೋ ಮೇವೋ ದುಡ್ಡೋ ಎಲ್ಲಿಂದ ಬರುತ್ತದೆ ಅಂತ ನಕ್ಷೆಯಲ್ಲೇ ತೋರಿಸಿ, ಪಾಲು ಎಕರೆ ಲೆಕ್ಕವೋ ಮನೆ ಲೆಕ್ಕವೋ ಅಂತ ಗ್ರಾಮಸಭೆಯಲ್ಲಿ ಮೊದಲೇ ತೀರ್ಮಾನ ಆಗಲಿ. ಹುಲ್ಲಿನ ಜೊತೆ ಮರದ ಹಕ್ಕೂ ಅದೇ ಕಾಗದದಲ್ಲಿ ಬರಲಿ, ಎಷ್ಟು ವರ್ಷಕ್ಕೆ ಎಷ್ಟು ಮರ ಕಡಿದು ಕಾಡು ತೆಳುವು ಮಾಡಬಹುದು ಅನ್ನುವ ಲೆಕ್ಕ ಸಮೇತ. ಕಟ್ಟೆಗೆ ಹೂಳು ತುಂಬುವ ವರ್ಷವನ್ನು ಅಂದಾಜು ಮಾಡಿ, ಅದಕ್ಕೆ ಅಂತ ಮೊದಲ ವರ್ಷದಿಂದಲೇ ದುಡ್ಡು ಎತ್ತಿಡಿ. ಕೆಳಗೆ ಯಾವುದಾದರೂ ಪಟ್ಟಣವೋ ದೊಡ್ಡ ಕೆರೆಯೋ ಇದ್ದು ಅದಕ್ಕೆ ಲಾಭ ಆಗುವುದಾದರೆ, ಅವರಿಂದ ವರ್ಷಕ್ಕೆ ಎಷ್ಟು ಬರಬೇಕು ಅನ್ನುವ ಮಾತನ್ನು ಕೆಲಸ ಶುರುವಾಗುವ ಮೊದಲೇ ಆಡಿಬಿಡಿ. ಗುಡ್ಡ ಹಸಿರಾದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.